ಸೋರಣ್ಣನ ಅರಿಸಮಾಸ

ಸೋರಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತೆರಡು ವರ್ಷ ಊರಿನ ಸೋರುವ ಮಾಳಿಗೆಗಳನ್ನೆಲ್ಲ ಹತ್ತಿ ಇಳಿದ ಮೇಲೆ ಆ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತು. ಗೋಡೆಗೆ ತೇವ ಬಂದರೆ ಸೋರಣ್ಣ, ಛಾವಣಿ ಬಿರುಕು ಬಿಟ್ಟರೆ ಸೋರಣ್ಣ. ಪಕ್ಕದ ಮನೆಯಲ್ಲಿ ಮಗು ಮೂಗು ಸೋರಿಸಿಕೊಂಡು ನಿಂತರೂ ಜನ ಅಭ್ಯಾಸಬಲದಿಂದ ಅವನ ಮನೆ ಕಡೆ ನೋಡುತ್ತಿದ್ದರು.

ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ಸೋರಿಕೆ ಎಂದು ಶುರುವಾಯಿತು, ಯಾವ ಕಡೆಯಿಂದ ಬಂತು, ಆಗ ಮನೆಯಲ್ಲಿ ಯಾರಿದ್ದರು ಎಂದು ಕೇಳಿ, ಅವರು ಮುಗಿಸುವವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆಮೇಲೆ ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿ ಆನಿಸಿ ಕೇಳುತ್ತಿದ್ದ. ಮೇಲಿನ ಗಾರೆಯಷ್ಟೇ ಕೆಟ್ಟಿದ್ದರೆ ಕೆಲಸಕ್ಕೆ ಕೈಹಾಕುತ್ತಿದ್ದ. ತೊಲೆಗೋ ಕಂಬಕ್ಕೋ ಪೆಟ್ಟು ಬಿದ್ದಿದ್ದರೆ, “ಇದು ನನ್ನ ಕೈಲಾಗಲ್ಲ, ಲೈಸೆನ್ಸ್ ಇರೋರನ್ನ ಕರೆಸಿ” ಎಂದು ಕೈ ತೊಳೆದುಕೊಂಡು ಬರುತ್ತಿದ್ದ. ಇಂಥ ಸಭ್ಯ ಮನುಷ್ಯ ನೆಮ್ಮದಿಯಾಗಿ ಇರಬೇಕಿತ್ತು. ಆದರೆ ಅವನಿಗೊಬ್ಬ ಷಡ್ಡಕನಿದ್ದ.

ಷಡ್ಡಕ ಅಂದರೆ ಹೆಂಡತಿಯ ಅಕ್ಕನ ಗಂಡ. ಮೊನ್ನೆ ಮೊನ್ನೆಯವರೆಗೆ ಟೈಲರಾಗಿದ್ದ. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ‘ವಸ್ತ್ರವಿನ್ಯಾಸಕರು’ ಎಂದು ಬೋರ್ಡು ತೂಗುಹಾಕಿದ. ಅದೇ ಮೆಷಿನ್ನು, ಅದೇ ಕತ್ತರಿ, ಅದೇ ಗುಂಡಿ ಕಿತ್ತುಬರುವ ಅಂಗಿಗಳು. ಆದರೂ ಊರಿನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗತೊಡಗಿದರು.

“ಅಕ್ಕನ ಗಂಡ ವಿನ್ಯಾಸಕರು,” ಎಂದಳು ಸೋರಣ್ಣನ ಹೆಂಡತಿ, ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟು. “ನನ್ನ ಗಂಡ ಸೋರಿಕೆ.”

ಈ ಎರಡು ವಾಕ್ಯ ಸೋರಣ್ಣನ ಎದೆಗೆ ನಾಟಿದವು. ಅವನು ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು, ಒಂದು ಚೀಟಿಯಲ್ಲಿ ಬೇಕಾದ್ದನ್ನೆಲ್ಲ ಬರೆದುಕೊಂಡು, ಮೂರು ಬೀದಿ ಆಚೆ ಇದ್ದ ಬೋರ್ಡು ಪಂಡಿತರ ಹತ್ತಿರ ಹೋದ.

ಈ ಪಂಡಿತರ ಬಗ್ಗೆ ಎರಡು ಮಾತು ಹೇಳಲೇಬೇಕು. ಬೋರ್ಡು ಬರೆಯುವವರು ಊರಿಗೆ ಹತ್ತು ಜನ ಸಿಗುತ್ತಾರೆ, ಆದರೆ ಬೋರ್ಡಿಗೋಸ್ಕರ ಜಗಳ ಆಡುವವರು ಇವರೊಬ್ಬರೇ. ಸಭಾಂಗಣದವರು ‘ಹಾರ್ಧಿಕ ಸುಸ್ವಾಗತ’ ಬರೆಸಲು ಬಂದಾಗ, “ದಕಾರದ ಹೊಟ್ಟೆ ಯಾಕ್ರೀ ಸೀಳ್ತೀರಿ? ಸ್ವಾಗತದಲ್ಲೇ ಒಂದು ‘ಸು’ ಇದೆ, ಮುಂದೆ ಇನ್ನೊಂದು ‘ಸು’ ಯಾತಕ್ಕೆ?” ಎಂದು ಕೇಳಿ, ಒಪ್ಪದವರನ್ನು ಏಣಿಯ ಮೇಲಿಂದಲೇ ಬೈದು ಕಳಿಸಿದ್ದರು. ಕಲಿತವರೂ ಅವರ ಮುಂದೆ ಬಾಯಿಬಿಡಲು ಹೆದರುತ್ತಿದ್ದರು.

“ಮನೆವೈದ್ಯರು ಅಂತ ಬರೀಬೇಕು,” ಎಂದ ಸೋರಣ್ಣ.

ಪಂಡಿತರ ಕೈಯಲ್ಲಿದ್ದ ಕುಂಚ ನಿಂತಿತು. “ಏನಂದ್ರಿ? ಇನ್ನೊಂದ್ಸಲ ಹೇಳಿ.”

“ಮನೆವೈದ್ಯರು.”

“ಮನೆ ಅನ್ನೋದು ಕನ್ನಡ. ವೈದ್ಯ ಅನ್ನೋದು ಸಂಸ್ಕೃತ. ಎರಡನ್ನೂ ಕಟ್ಟಿಹಾಕಿದ್ರೆ ಅದೇನಾಗುತ್ತೆ ಗೊತ್ತಾ? ಅರಿಸಮಾಸ! ಅರಿ ಅಂದ್ರೆ ಶತ್ರು!”

ಸೋರಣ್ಣ ಬೆವೆತುಹೋದ. ಶಾಲೆಯಲ್ಲಿ ಸಮಾಸ ಎಂಬ ಪದ ಕೇಳಿಬಂದಾಗಲೆಲ್ಲ ಅವನ ಅಂಗೈ ಮೇಲೆ ಬೆತ್ತ ಬಿದ್ದಿತ್ತು. ನಲವತ್ತೈದು ವರ್ಷದ ಆ ಅಂಗೈ ಈಗ ತಾನಾಗಿ ಬೆನ್ನ ಹಿಂದೆ ಹೋಯಿತು.

“ಗೊತ್ತಿರಲಿಲ್ಲ ಸಾರ್. ಏನಾದ್ರೂ ಕೇಸು ಗೀಸು ಆಗುತ್ತಾ?”

“ಓದಿದೋರ ಕಣ್ಣಲ್ಲಿ ಬಿದ್ದುಹೋಗ್ತೀರಿ. ಅದಕ್ಕಿಂತ ಕೇಸು ಬೇಕಾ? ಚೀಟಿ ಕೊಡಿ, ನಾನು ಸರಿಮಾಡ್ತೀನಿ.”

ಬಾಯಿಮಾತಿನಲ್ಲಿ ಜನ ಓಕಾರವನ್ನು ನುಂಗಿಹಾಕುತ್ತಾರೆ ಎಂಬುದು ಪಂಡಿತರ ಬಹುಕಾಲದ ದುಃಖ. ಈ ಕೋಟಿನ ಮನುಷ್ಯನೂ ಹಾಗೇ ನುಂಗಿದ್ದಾನೆ ಎಂದುಕೊಂಡು ಚೀಟಿ ಬಿಡಿಸಿದರು. ಅದರಲ್ಲಿ ‘ಬಿರುಕು, ಸೋರಿಕೆ, ತೇವ, ಕುಸಿತಕ್ಕೆ ಪರಿಹಾರ. ಮೇಲೆ ಬಳಿದು ಮುಚ್ಚುವುದಿಲ್ಲ, ಮೂಲ ಹುಡುಕುತ್ತೇವೆ’ ಎಂದಿತ್ತು. ಓದುತ್ತ ಓದುತ್ತ ಪಂಡಿತರ ಕಣ್ಣು ತುಂಬಿ ಬಂತು. ಮನುಷ್ಯನ ಮನಸ್ಸಿನ ಬಗ್ಗೆ ಇಷ್ಟು ಚೆನ್ನಾಗಿ ಬರೆದದ್ದನ್ನು ಅವರು ಯಾವ ಬೋರ್ಡಿನಲ್ಲೂ ಕಂಡಿರಲಿಲ್ಲ. ಅವರು ಚಿನ್ನದ ಬಣ್ಣದ ಡಬ್ಬ ತೆಗೆದರು.

ಮೂರನೆಯ ದಿನ ಬೋರ್ಡು ಬಂತು. ನೀಲಿಯ ಮೇಲೆ ಚಿನ್ನದ ಅಕ್ಷರದಲ್ಲಿ ‘ಮನೋವೈದ್ಯರು’.

“ಮನೋ ಅಂದ್ರೆ ಏನ್ರೀ?” ಎಂದಳು ಹೆಂಡತಿ.

“ಮನೆ ಕಣೇ. ಸಂಸ್ಕೃತದಲ್ಲಿ,” ಎಂದ ಸೋರಣ್ಣ, ತುಂಬ ಗಂಭೀರವಾಗಿ. ಅವನ ಭಾಷೆಯಲ್ಲಿ ಮನಸ್ಸಿಗೆ ಔಷಧ ಕೊಡುವವರಿಗೆ ‘ತಲೆ ಡಾಕ್ಟರು’ ಎಂಬ ಹೆಸರು ಮೊದಲೇ ಇದ್ದುದರಿಂದ ಬೇರೆ ಅನುಮಾನ ಬರಲಿಲ್ಲ. ಗಂಡ ಹೆಂಡಿರಿಬ್ಬರೂ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಬೋರ್ಡನ್ನು ನೋಡಿದರು. ಬಿಸಿಲಿಗೆ ಅದು ಹೊಳೆಯುತ್ತಿತ್ತು. ಇಷ್ಟು ದೊಡ್ಡ ಮನುಷ್ಯನೇ ತಾನು ಎಂದು ಸೋರಣ್ಣನಿಗೆ ತನ್ನ ಮೇಲೇ ಭಯಭಕ್ತಿ ಹುಟ್ಟಿತು. ಹೆಂಡತಿ ಒಳಗೆ ಹೋಗಿ ಸಿಮೆಂಟಿನ ಚೀಲಗಳಿಗೆ ಅಡ್ಡವಾಗಿ ಒಂದು ಪರದೆ ಕಟ್ಟಿ, ಮುಂದೆ ಒಂದು ಮೇಜು, ಎರಡು ಕುರ್ಚಿ ಹಾಕಿದಳು.

ಬೀದಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೋರ್ಡನ್ನು ಎರಡು ಸಲ ಓದಿ, ಕನ್ನಡಕ ಒರೆಸಿ ಮೂರನೇ ಸಲ ಓದಿದರು. “ಅಂಚೆ ಮೂಲಕ ಓದಿದಾನೆ ಕಣೇ,” ಎಂದರು ಹೆಂಡತಿಗೆ. “ಅದಕ್ಕೇ ನೋಡು, ಹೋದಲ್ಲೆಲ್ಲ ಗೋಡೆಗೆ ಕಿವಿ ಇಟ್ಟು ಕೂತಿರ್ತಿದ್ದ. ಎಲ್ಲರ ಮನೆ ಮಾತೂ ಕೇಳಿಸ್ಕೊಂಡು ಅಭ್ಯಾಸ ಮಾಡಿದಾನೆ. ಎಂಥ ತಪಸ್ಸು!” ಷಡ್ಡಕನಂತೂ ಅಂದು ಸಂಜೆಯಿಂದ ಅವನನ್ನು ‘ಏನಯ್ಯಾ’ ಎನ್ನುವುದು ಬಿಟ್ಟು ‘ತಾವು’ ಎನ್ನತೊಡಗಿದ. ಮಾತಾಡುವಾಗ ದೃಷ್ಟಿ ತಪ್ಪಿಸುತ್ತಿದ್ದ. ತನ್ನ ಮನಸ್ಸಿನಲ್ಲಿರುವುದೆಲ್ಲ ಇವನಿಗೆ ಕಾಣುತ್ತಿದೆ ಎಂಬ ಹೆದರಿಕೆ ಅವನಿಗೆ.

ಮೊದಲ ಗಿರಾಕಿ ದಪ್ಪ ಕನ್ನಡಕದ ಒಬ್ಬ ಹೆಂಗಸು. ಬಂದವಳೇ ಕುರ್ಚಿಯಲ್ಲಿ ಕುಸಿದಳು.

“ಮೂವತ್ತು ವರ್ಷದಿಂದ ಒಳಗೊಳಗೇ ಸೋರ್ತಿದೆ ಡಾಕ್ಟ್ರೇ.”

ಡಾಕ್ಟ್ರೇ! ಸೋರಣ್ಣ ಕೋಟಿನ ಗುಂಡಿ ಹಾಕಿಕೊಂಡ. “ಮೂವತ್ತು ವರ್ಷವೇ! ಮೇಲಿಂದಾನಾ, ಪಕ್ಕದಿಂದಾನಾ?”

“ಪಕ್ಕದಿಂದ. ನಮ್ಮತ್ತೆ ಕಡೆಯಿಂದ.”

ಆಮೇಲೆ ಕ್ರಮದ ಪ್ರಕಾರ ಸೋರಣ್ಣ ಬಾಯಿ ಮುಚ್ಚಿಕೊಂಡು ಕೂತ. ಅವಳು ಮುಕ್ಕಾಲು ಗಂಟೆ ಹೇಳಿದಳು. ಅತ್ತೆ ಏನಂದರು, ತಾನೇನಂದೆ, ಅದಕ್ಕೆ ಅವರೇನಂದರು. ಗೋಡೆಯ ಪ್ರಸ್ತಾಪ ಇನ್ನೂ ಬರಲಿಲ್ಲವಲ್ಲ ಎಂದು ಅವನು ತಾಳ್ಮೆಯಿಂದ ಕಾದ. ಮನೆಯವರು ಸುತ್ತಿ ಬಳಸಿ ಹೇಳುವುದು ಅವನಿಗೆ ಹೊಸದಲ್ಲ.

“ನಿಮಗೂ ಅವರಿಗೂ ಗೋಡೆ ಒಂದೇನಾ?” ಎಂದು ಕೊನೆಗೆ ಕೇಳಿದ.

“ಗೋಡೆ ಒಂದೇ, ಒಲೆ ಒಂದೇ.”

“ಅಲ್ಲೇ ಇರೋದು ತೊಂದರೆ. ಎರಡೂ ಒಂದಕ್ಕೊಂದು ಅಂಟ್ಕೊಂಡಿದ್ರೆ ಅವರದ್ದು ನಿಮಗೆ ಇಳಿಯುತ್ತೆ, ನಿಮ್ಮದು ಅವರಿಗೆ ಇಳಿಯುತ್ತೆ. ನಡುವೆ ಒಂಚೂರು ಜಾಗ ಬಿಡಿ. ಗಾಳಿ ಆಡ್ಲಿ. ತಾನೇ ಒಣಗುತ್ತೆ.”

ಹೆಂಗಸು ಎದ್ದು ನಿಂತಳು. “ಗಾಳಿ ಆಡ್ಲಿ,” ಎಂದು ತನಗೆ ತಾನೇ ಹೇಳಿಕೊಂಡಳು. “ಮೂವತ್ತು ವರ್ಷದಲ್ಲಿ ಒಬ್ಬರೂ ಈ ಮಾತು ಹೇಳಲಿಲ್ಲ ಡಾಕ್ಟ್ರೇ!”

“ಬಂದು ನೋಡ್ಲಾ? ಏಣಿ ತರ್ತೀನಿ.”

“ಬೇಡ ಬೇಡ. ಈಗಲೇ ಹಗುರ ಆಯ್ತು.”

ಸೋರಣ್ಣ ಅವಳು ಹೋದ ದಾರಿಯನ್ನೇ ನೋಡುತ್ತ ನಿಂತ. ಇಪ್ಪತ್ತೆರಡು ವರ್ಷದಲ್ಲಿ ಅವನು ಏಣಿ ಹತ್ತದೆ ನಿಲ್ಲಿಸಿದ ಮೊದಲ ಸೋರಿಕೆ ಅದು. ಬೋರ್ಡಿನ ಮಹಿಮೆ ಎಂದುಕೊಂಡ.

ನಾಲ್ಕನೆಯ ದಿನ ಒಬ್ಬ ಬಸ್ ಕಂಡಕ್ಟರ್ ಬಂದ. ಖಾಕಿ ಅಂಗಿ ಮೈಗಿಂತ ಎರಡು ಅಳತೆ ದೊಡ್ಡದಾಗಿತ್ತು. ಅಂಗಿ ಬೆಳೆದದ್ದಲ್ಲ, ಮೈ ಇಳಿದದ್ದು. ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಅಂಗಿಯ ಗುಂಡಿ ತಿರುವುತ್ತಿದ್ದ. ಸೋರಣ್ಣ ಕ್ರಮದ ಪ್ರಕಾರ ಕಾದ. ಅವಸರ ಮಾಡಿದರೆ ಮೂಲ ಸಿಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಮೂರು ತಿಂಗಳಾಯ್ತು ಸಾರ್, ನಿದ್ದೆ ಇಲ್ಲ,” ಎಂದ ಕಂಡಕ್ಟರ್ ಕೊನೆಗೆ. “ಒಂದೇ ಸಮ ಟಪ್ ಟಪ್ ಅಂತಿರುತ್ತೆ.”

“ಮೇಲ್ಗಡೆ ಅಲ್ವಾ?”

“ಹೂಂ,” ಎಂದು ಕಂಡಕ್ಟರ್ ತಲೆ ಮುಟ್ಟಿಕೊಂಡ. “ಹೊರಗಿಂದ ನೋಡಿದ್ರೆ ಯಾರಿಗೂ ಏನೂ ಕಾಣಲ್ಲ. ಒಳಗೆಲ್ಲ ಟೊಳ್ಳಾಗಿದೆ ಸಾರ್. ಎಲ್ಲ ಕುಸೀತಿದೆ. ಒಂದೊಂದ್ಸಲ, ಬಿದ್ದೇ ಹೋಗ್ಲಿ, ಒಂದೇ ಸಲಕ್ಕೆ ಮುಗೀಲಿ ಅನ್ಸುತ್ತೆ.”

ಸೋರಣ್ಣ ದಡಕ್ಕನೆ ಎದ್ದ. “ಮನೇಲಿ ಯಾರ್ಯಾರಿದಾರೆ?”

“ಹೆಂಡ್ತಿ. ಎರಡು ಹೆಣ್ಣುಮಕ್ಕಳು.”

“ಅವರಿಗೆ ಗೊತ್ತಾ?”

“ಇಲ್ಲ. ಹೇಳಿಲ್ಲ.”

“ಏನ್ರೀ ನೀವು! ಕುಸೀತಿದೆ ಅಂತ ಗೊತ್ತಿದ್ದೂ ಒಳಗಿರೋರಿಗೆ ಹೇಳದೆ ಇರೋದಾ? ಇವತ್ತೇ, ಈಗಲೇ ಹೋಗಿ ಹೇಳಿ. ನೋಡಿ, ನಾನು ಮೇಲ್ಮೇಲಿನ ಕೆಲಸದೋನು. ಇದು ಬುಡಕ್ಕೇ ಬಂದಿದೆ. ನನ್ನ ಕೈಲಾಗಲ್ಲ. ಸುಳ್ಳು ಹೇಳಿ ನಿಮ್ಮ ಪ್ರಾಣಕ್ಕೆ ಸಂಚಕಾರ ತರಲ್ಲ. ಓದಿ, ಲೈಸೆನ್ಸ್ ತಗೊಂಡಿರೋರ ಹತ್ರ ಹೋಗಿ. ಅವರ ನಂಬರ್ ಕೇಳಿ. ನಂಬರ್ ಇಲ್ಲದೋರು ಯಾರೂ ಮುಟ್ಟಬಾರದು, ತಿಳೀತಾ?”

ಕಂಡಕ್ಟರ್ ಬೆಪ್ಪಾಗಿ ತಲೆಯಾಡಿಸಿದ.

“ಅಲ್ಲಿವರೆಗೆ ಅದರಡಿ ಒಬ್ಬರೇ ಮಲಗಬೇಡಿ,” ಎನ್ನುತ್ತ ಸೋರಣ್ಣ ಪರದೆಯ ಹಿಂದೆ ಹೋಗಿ ಮರದ ಒಂದು ಆಸರೆ ಕಂಬ ಎತ್ತಿಕೊಂಡು ಬಂದ. ಛಾವಣಿ ಜಗ್ಗಿದಾಗ ಕೆಳಗಿನಿಂದ ಆನಿಸುವಂಥದ್ದು, ಆಳಿಗಿಂತ ಎತ್ತರ. “ಇದು ಇಟ್ಕೊಳ್ಳಿ. ಜಾಸ್ತಿ ಭಾರ ಎಲ್ಲಿದೆಯೋ ಅಲ್ಲಿ ನಿಲ್ಲಿಸಿ. ಕೆಲಸ ಆದ್ಮೇಲೆ ವಾಪಸ್ ಕೊಡಿ. ನಾನೂ ಬರ್ಲಾ?”

ಕಂಡಕ್ಟರ್ ಕಂಬವನ್ನು ನೋಡಿದ, ಸೋರಣ್ಣನನ್ನು ನೋಡಿದ. ದೊಡ್ಡ ಡಾಕ್ಟರುಗಳ ರೀತಿಯೇ ಬೇರೆ ಎಂದು ಅವನು ಕೇಳಿದ್ದ. ಕಣ್ಣಲ್ಲಿ ನೀರು ತುಂಬಿಕೊಂಡು, “ಬೇಡ ಸಾರ್, ನಾನೇ ಹೇಳ್ತೀನಿ” ಎಂದು ಕಂಬವನ್ನು ಹೆಗಲಿಗೇರಿಸಿಕೊಂಡು ಹೊರಟ. ಬಸ್ಸಿನಲ್ಲಿ ಅವನ ಸಹೋದ್ಯೋಗಿಯೇ ಅದಕ್ಕೆ ಲಗೇಜು ಟಿಕೆಟು ಹರಿದನಂತೆ.

ಇದಾಗಿ ಒಂದು ವಾರಕ್ಕೆ ಮೇಡಂ ಬಂದರು. ಮನೋವೈದ್ಯ ವೃತ್ತಿ ನೋಂದಣಿ ಮಂಡಳಿಯ ಇನ್‌ಸ್ಪೆಕ್ಟರ್ ಮೇಡಂ. ಕೈಯಲ್ಲಿ ಫೈಲು, ಎದೆಯ ಮೇಲೆ ಬಿಲ್ಲೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಬೋರ್ಡಿನ ಚಿತ್ರ ತೆಗೆದುಕೊಂಡೇ ಒಳಗೆ ಬಂದರು. ಮಂಡಳಿ ಎಂಬ ಮಾತು ಕೇಳಿದ್ದೇ, ಪುರಸಭೆಯಿಂದ ಬಂದಿದ್ದಾರೆ ಎಂದುಕೊಂಡು ಸೋರಣ್ಣ ಕೋಟು ಹುಡುಕಿದ.

“ತರಬೇತಿ ಯಾರ ಕೈಕೆಳಗೆ ಆಯ್ತು?”

“ನಮ್ಮ ಸೋದರಮಾವನ ಕೈಕೆಳಗೆ ಮೇಡಂ. ಎರಡು ವರ್ಷ ಬರೀ ಕಲಸೋದೇ ಕೆಲಸ.”

“ಏನು ಕಲಸೋದು?”

“ಸಿಮೆಂಟು. ಬಿರುಕಿಗೆ ತುಂಬೋಕೆ.”

ಮೇಡಂ ಬರೆಯುತ್ತಿದ್ದ ಕೈ ಒಂದು ಕ್ಷಣ ತಡೆಯಿತು. “ಬಿರುಕಿಗೆ ಸಿಮೆಂಟು?”

“ಅದು ಹಳೇ ಪದ್ಧತಿ ಮೇಡಂ. ಈಗ ಕೆಮಿಕಲ್ಲು. ಡ್ರಿಲ್ ಮಾಡಿ ಸಾಲಾಗಿ ತೂತು ಹಾಕ್ತೀನಿ. ಆಮೇಲೆ ಪಿಚಕಾರಿ ಇಟ್ಟು ಒಳಗೆ ಚುಚ್ಚಿಬಿಡೋದು.”

“ತೂತನ್ನ ಯಾರು ಹಾಕ್ತಾರೆ?”

“ನಾನೇ. ಬೇರೆಯವರ ಕೈಗೆ ಕೊಡಲ್ಲ.”

ಮೇಡಂ ನೀರು ಕೇಳಿದರು. ಸೋರಣ್ಣನ ಹೆಂಡತಿ ತಂದುಕೊಟ್ಟಳು. ಅವರು ಅರ್ಧ ಕುಡಿದು ಧೈರ್ಯ ತಂದುಕೊಂಡರು.

“ಮುಂಚೆ ಒಪ್ಪಿಗೆ ತಗೋತೀರಾ?”

“ತಗೊಳ್ಳದೆ! ಯಜಮಾನರು ಹೂಂ ಅನ್ನೋವರೆಗೆ ಡ್ರಿಲ್ ಮುಟ್ಟಲ್ಲ.”

“ಯಜಮಾನರಲ್ಲ ರೀ, ಯಾರಿಗೆ ತೂತು ಹಾಕ್ತೀರೋ ಅವರ ಒಪ್ಪಿಗೆ!”

“ಅದಕ್ಕೆ ಬಾಯಿ ಎಲ್ಲಿದೆ ಮೇಡಂ?”

“ನೋವಾಗಲ್ವಾ?”

“ಹಳೇದಾದ್ರೆ ಒಂದಿಷ್ಟು ಉದುರುತ್ತೆ,” ಎಂದ ಸೋರಣ್ಣ ಪ್ರಾಮಾಣಿಕವಾಗಿ. “ಗುಡಿಸಿ ಚೀಲಕ್ಕೆ ತುಂಬ್ಕೊಂಡು ನಾವೇ ತಗೊಂಡುಹೋಗ್ತೀವಿ. ಆ ವಿಷಯದಲ್ಲಿ ನನ್ನ ಮೇಲೆ ಒಂದು ದೂರೂ ಇಲ್ಲ.”

ಮೇಡಂ ಎದ್ದು ನಿಂತು, ಮೂರು ಹೆಜ್ಜೆ ಹಿಂದೆ ಸರಿದು, ಒಂದು ನೋಟೀಸನ್ನು ಬಾಗಿಲಿಗೇ ಅಂಟಿಸಿದರು. ಹದಿನಾಲ್ಕು ವರ್ಷದ ಸೇವೆಯಲ್ಲಿ ನಕಲಿಗಳನ್ನು ಬೇಕಾದಷ್ಟು ನೋಡಿದ್ದರು, ಆದರೆ ಇಷ್ಟು ಶಾಂತ ಮುಖದವನನ್ನು ನೋಡಿರಲಿಲ್ಲ.

ಅವರು ಹೋದ ಮೇಲೆ ನೋಟೀಸನ್ನು ಓದಿ ಅರ್ಥ ಹೇಳಿದವರು ಪಕ್ಕದ ಮನೆ ಮೇಷ್ಟ್ರು. ನೋಂದಣಿ ಇಲ್ಲದೆ, ಮನಸ್ಸಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುತ್ತಿರುವ ಆರೋಪ. ಬುಧವಾರ ಹನ್ನೊಂದಕ್ಕೆ ಮಂಡಳಿಯ ಮುಂದೆ ವಿಚಾರಣೆ. ತಪ್ಪು ರುಜುವಾತಾದರೆ ಜೈಲು.

“ಮನಸ್ಸಿಂದಾ? ಮನೋ ಅಂದ್ರೆ ಮನೆ ಅಲ್ವಾ?” ಎಂದ ಸೋರಣ್ಣ.

“ಅಯ್ಯೋ ಪುಣ್ಯಾತ್ಮ! ಮನೋ ಅಂದ್ರೆ ಮನಸ್ಸು!”

ಸೋರಣ್ಣ ಹೊಸ್ತಿಲ ಮೇಲೆ ಕೂತುಬಿಟ್ಟ. ಮೊದಲು ನೆನಪಾದದ್ದು ದಪ್ಪ ಕನ್ನಡಕದ ಹೆಂಗಸು. ಆಮೇಲೆ ಕಂಡಕ್ಟರ್ ನೆನಪಾದ, ಅಷ್ಟೆ, ಜೈಲೂ ಮರೆತುಹೋಯಿತು. ಒಳಗೆಲ್ಲ ಟೊಳ್ಳಾಗಿದೆ ಸಾರ್ ಎಂದಿದ್ದ. ಬಿದ್ದೇ ಹೋಗಲಿ ಎಂದಿದ್ದ. ಅದು ಮನೆಯ ಮಾತಾಗಿರಲಿಲ್ಲ. ಅಂಥವನ ಕೈಗೆ ತಾನೊಂದು ಮರದ ಕಂಬ ಕೊಟ್ಟು ಕಳಿಸಿದ್ದ.

“ಆ ಮನುಷ್ಯನಿಗೆ ಏನಾದ್ರೂ ಆಗಿದ್ರೆ?” ಎಂದ.

ಕೋಟು ಕೂಡ ಹಾಕದೆ ಬಸ್ ಡಿಪೋಗೆ ಓಡಿದ. ಕಂಡಕ್ಟರ್ ಎಂಟು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ವಿಳಾಸ ಕೇಳಿಕೊಂಡು ಮನೆ ಹುಡುಕಿದ. ಬಾಗಿಲಿಗೆ ಬೀಗ. ಕಿಟಕಿಯ ಸಂದಿಯಿಂದ ನೋಡಿದರೆ ಒಂದು ಕುರ್ಚಿ, ಗೋಡೆಗೆ ನೇತುಹಾಕಿದ ಖಾಕಿ ಅಂಗಿ. ಸೋರಣ್ಣ ಅಭ್ಯಾಸಬಲದಿಂದ ಗೋಡೆ ತಟ್ಟಿ ಕಿವಿ ಆನಿಸಿದ. ಗೋಡೆ ಗಟ್ಟಿಮುಟ್ಟಾಗಿತ್ತು. ಅಲ್ಲೇ ನಿಂತು ಅತ್ತ. ಮಂಗಳವಾರದವರೆಗೆ ದಿನಕ್ಕೆರಡು ಸಲ ಅಲ್ಲಿಗೆ ಹೋಗಿ ಬಂದ. ಬೀಗ ಹಾಗೇ ಇತ್ತು.

ಬುಧವಾರ ಮಂಡಳಿಯ ಹಾಲಿನಲ್ಲಿ ಏಳು ಜನ ಸದಸ್ಯರು ಉದ್ದದ ಮೇಜಿನ ಹಿಂದೆ ಕೂತಿದ್ದರು. ನಡುವೆ ಅಧ್ಯಕ್ಷೆ, ಬಿಳಿ ಕೂದಲಿನ, ಹಿಡಿಯಷ್ಟು ಗಾತ್ರದ ಹೆಂಗಸು. ಅವರ ಮುಂದೆ ದಿಂಬಿನಷ್ಟು ದಪ್ಪದ ಒಂದು ಪುಸ್ತಕ. ಸೋರಣ್ಣನ ಪಕ್ಷದಲ್ಲಿ ಹೆಂಡತಿ, ಮೇಷ್ಟ್ರು, ಷಡ್ಡಕ, ಬೋರ್ಡು ಪಂಡಿತರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಇಡೀ ಕೋಣೆಯಲ್ಲಿ ಸೋರಣ್ಣನಿಗೆ ಅರ್ಥವಾಗುವಂಥದ್ದು ಒಂದೇ ಇತ್ತು, ಅಧ್ಯಕ್ಷೆಯ ತಲೆಯ ಮೇಲೆ ತೊಲೆಯ ಉದ್ದಕ್ಕೂ ಹರಡಿದ್ದ ತೇವದ ಕಲೆ. ಅಲ್ಲಿ ಕಣ್ಣು ಹೋಗದಂತೆ ಅವನು ನೆಲ ನೋಡುತ್ತ ನಿಂತ.

ಮೊದಲು ಪಂಡಿತರ ಸಾಕ್ಷಿಯಾಯಿತು. ಅವರು ಅರಿಸಮಾಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಅದರಿಂದ ಸದಸ್ಯರಲ್ಲೇ ಎರಡು ಪಂಗಡವಾಯಿತು.

“ವ್ಯಾಕರಣ ಸರಿಯಾಗೇ ಇದೆಯಲ್ಲ,” ಎಂದರು ಒಬ್ಬರು.

“ವ್ಯಾಕರಣಕ್ಕೆ ನಾವು ನೋಂದಣಿ ಕೊಡೋದಿಲ್ಲ!” ಎಂದರು ಇನ್‌ಸ್ಪೆಕ್ಟರ್ ಮೇಡಂ.

“ಅಲ್ಲಯ್ಯಾ,” ಎಂದು ಪಂಡಿತರು ಸೋರಣ್ಣನ ಕಡೆ ತಿರುಗಿದರು, “ಮನೆ ಅಂದ್ರೆ ಮನೆಯೇನಾ? ಮೊದಲೇ ಬಿಡಿಸಿ ಹೇಳಬಾರದಿತ್ತಾ? ‘ಗೃಹವೈದ್ಯರು’ ಅಂತ ಬರೀತಿದ್ದೆ. ಎರಡೂ ಸಂಸ್ಕೃತ, ದೋಷವೇ ಇಲ್ಲ. ಈಗಲೂ ಬರ್ಕೊಡ್ತೀನಿ.”

“ದಯವಿಟ್ಟು ಬೇಡ,” ಎಂದರು ಅಧ್ಯಕ್ಷೆ. “ಮೈಗೆ ಔಷಧ ಕೊಡೋ ವೈದ್ಯರಿಗೆ ಪಕ್ಕದ ಕಟ್ಟಡದಲ್ಲಿ ಇನ್ನೊಂದು ಮಂಡಳಿ ಇದೆ.”

ಆಮೇಲೆ ಅವರು ಸೋರಣ್ಣನನ್ನು ಹತ್ತಿರ ಕರೆದು ಆ ದಪ್ಪ ಪುಸ್ತಕವನ್ನು ಬಿಡಿಸಿದರು. ಪುಟ ಪುಟದಲ್ಲೂ ಹೆಸರುಗಳು, ಹೆಸರಿನ ಮುಂದೆ ನಂಬರು. “ಒಂದೊಂದು ಹೆಸರಿನ ಹಿಂದೆ ಹತ್ತು ಹನ್ನೆರಡು ವರ್ಷ ಇದೆ,” ಎಂದರು. “ಓದಬೇಕು. ಆಮೇಲೆ ಹಿರಿಯರ ಕಣ್ಣೆದುರು ಕೂತು ರೋಗಿಗಳನ್ನ ನೋಡ್ಬೇಕು. ಪರೀಕ್ಷೆ ಆಗಬೇಕು. ಒಳಗೆ ಕೇಳಿದ ಮಾತು ಹೊರಗೆ ಆಡಲ್ಲ ಅಂತ ಮಾತು ಕೊಡಬೇಕು. ತಪ್ಪಿದ್ರೆ ಹೆಸರು ಹೊಡೆದುಹಾಕ್ತೀವಿ. ನೋಡಿ, ಇಲ್ಲೊಂದು ಹೊಡೆದಿದ್ದೀವಿ.”

ಸೋರಣ್ಣ ಆ ಕೆಂಪು ಗೀಟನ್ನು ಬಗ್ಗಿ ನೋಡಿದ. “ಇಷ್ಟೆಲ್ಲ ಒಂದು ಮನಸ್ಸನ್ನ ಮುಟ್ಟೋಕಾ ಮೇಡಂ?”

“ಮುಟ್ಟೋಕಲ್ಲ. ಹತ್ತಿರ ಹೋಗೋಕೆ.”

ಅವನು ತನಗೆ ತಿಳಿಯದೆ ಕೈ ಮುಗಿದ. ಇಡೀ ಮನೆಗಿಂತ ದೊಡ್ಡದೊಂದು ಮನೆ ಪ್ರತಿಯೊಬ್ಬರ ಒಳಗೂ ಇದೆಯೆಂದು, ಅದನ್ನು ಕಾಯಲು ಇಷ್ಟು ಜನ ಇದ್ದಾರೆಂದು ಅವನು ಯೋಚಿಸಿಯೇ ಇರಲಿಲ್ಲ. ತಾನು ಚಿನ್ನದ ಅಕ್ಷರ ನೋಡಿಕೊಂಡು ರಸ್ತೆಯಲ್ಲಿ ಹಿಗ್ಗಿ ನಿಂತದ್ದು ನೆನಪಾಗಿ ನಾಚಿಕೆಯಾಯಿತು.

“ಒಬ್ಬ ಕಂಡಕ್ಟರ್ ನಿಮ್ಮ ಹತ್ರ ಬಂದಿದ್ದರು ಅಂತ ಅಕ್ಕಪಕ್ಕದವರು ಹೇಳಿದಾರೆ,” ಎಂದರು ಇನ್‌ಸ್ಪೆಕ್ಟರ್. “ಅವರು ಏನು ಹೇಳಿದ್ರು?”

ಸೋರಣ್ಣ ತಲೆ ಅಲ್ಲಾಡಿಸಿದ. “ಹೇಳೋ ಹಾಗಿಲ್ಲ ಮೇಡಂ.”

“ಯಾಕೆ?”

“ಒಳಗೆ ಕೇಳಿದ್ದು ಹೊರಗೆ ಆಡಬಾರದು ಅಂತ ದೊಡ್ಡ ಮೇಡಂ ಈಗ ತಾನೇ ಹೇಳಿದ್ರಲ್ಲ.”

“ಅದು ನೋಂದಣಿ ಇರೋರಿಗೆ!”

“ಇಲ್ಲದೋನಿಗೆ ಇನ್ನೂ ಜಾಸ್ತಿ ಅಲ್ವಾ ಮೇಡಂ? ನಾನು ತಪ್ಪು ಮಾಡಿದೀನಿ. ಜೈಲಿಗೆ ಹಾಕಿ. ಆದ್ರೆ ಮೊದಲು ಯಾರನ್ನಾದ್ರೂ ಕಳಿಸಿ ಆ ಮನುಷ್ಯ ಎಲ್ಲಿದಾನೆ ಹುಡುಕಿಸಿ. ಮನೆಗೆ ಬೀಗ ಹಾಕಿದೆ. ಕೈಮುಗಿದು ಕೇಳ್ಕೊತೀನಿ, ಮೊದಲು ಹುಡುಕಿಸಿ.”

ಷಡ್ಡಕ ಮೂಗು ಒರೆಸಿಕೊಂಡ. ಆಗ ಬಾಗಿಲ ಹೊರಗೆ ಏನೋ ಢಕ್ಕೆಂದು ಚೌಕಟ್ಟಿಗೆ ಬಡಿಯಿತು. ಇನ್ನೊಮ್ಮೆ ಬಡಿಯಿತು. ಮೊದಲು ಒಳಗೆ ಬಂದದ್ದು ಮರದ ಕಂಬದ ತುದಿ. ಅದರ ಹಿಂದೆ ಬಂದವನು ಕಂಡಕ್ಟರ್.

ಮುಖ ಇನ್ನೂ ಬತ್ತಿಹೋಗಿತ್ತು. ಆದರೆ ಪಕ್ಕದಲ್ಲಿ ಹೆಂಡತಿ ಇದ್ದಳು. ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ವಾಪಸ್ ಕೊಡೋಕೆ ನಿಮ್ಮಲ್ಲಿಗೆ ಹೋಗಿದ್ವಿ ಸಾರ್. ಬಾಗಿಲಲ್ಲಿ ನೋಟೀಸ್ ಇತ್ತು,” ಎಂದ.

ಅಧ್ಯಕ್ಷೆ ಅವನನ್ನು ಕೂರಿಸಿದರು. ಹೇಳಲೇಬೇಕೆಂದಿಲ್ಲ ಎಂದರು. ಅವನು ಹೇಳುತ್ತೇನೆ ಎಂದ.

“ಅವತ್ತು ಕಂಬ ತಗೊಂಡುಹೋಗಿ ನಡುಮನೇಲಿ ನಿಲ್ಲಿಸಿದೆ ಮೇಡಂ. ಇವಳು ಬಂದು, ಇದೇನ್ರೀ ಅಂದ್ಲು. ಮೂರು ತಿಂಗಳು ಯಾರೂ ಏನೂ ಕೇಳಿರಲಿಲ್ಲ, ಕೇಳೋಕೆ ಏನೂ ಕಾಣ್ತಿರಲಿಲ್ಲ. ಕಂಬ ಕಾಣ್ತಲ್ಲ. ಹೇಳಲೇಬೇಕಾಯ್ತು. ಎಲ್ಲಾ ಹೇಳ್ದೆ. ಅವತ್ತು ನಾವು ನಾಲ್ಕೂ ಜನ ಅದರ ಸುತ್ತ ಮಲಗಿದ್ವಿ. ಬೆಳಿಗ್ಗೆ ಇವಳೇ ದೊಡ್ಡಾಸ್ಪತ್ರೆಗೆ ಕರ್ಕೊಂಡುಹೋದ್ಲು. ಸಾರ್ ಹೇಳಿದ್ದರಲ್ಲ, ಡಾಕ್ಟರ್ ಹತ್ರ ಮೊದಲು ನಂಬರ್ ಕೇಳ್ದೆ. ಅವರು ನಕ್ಕು ತೋರಿಸಿದ್ರು. ಆಮೇಲೆ ಹನ್ನೆರಡು ದಿನ ಇವಳ ತವರಲ್ಲಿದ್ವಿ. ಕಂಬಾನೂ ತಗೊಂಡೇ ಹೋಗಿದ್ವಿ. ಈಗ ಒಂದೊಂದು ದಿನ ನಿದ್ದೆ ಬರುತ್ತೆ.”

ಸೋರಣ್ಣ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಇನ್‌ಸ್ಪೆಕ್ಟರ್ ಮೇಡಂ ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಏನೋ ಓದುತ್ತಿರುವವರಂತೆ ನಿಂತರು. ಏಳು ಜನ ಕಲಿತವರು ಆ ಮರದ ಕಂಬವನ್ನೇ ಕಣ್ಣು ಪಿಳುಕಿಸದೆ ನೋಡಿದರು.

“ನಲವತ್ತು ವರ್ಷದಿಂದ ಪಾಠ ಹೇಳ್ತಿದೀನಿ,” ಎಂದರು ಅಧ್ಯಕ್ಷೆ ನಿಧಾನವಾಗಿ. “ಹುಡುಗರಿಗೆ ಕಲಿಸೋಕೆ ಎಲ್ಲಕ್ಕಿಂತ ಕಷ್ಟ ಆಗೋದು ಒಂದು ಮಾತು. ನನ್ನ ಕೈಲಾಗಲ್ಲ ಅನ್ನೋದು. ನಿಮಗೆ ಯಾರು ಕಲಿಸಿದ್ರು?”

“ಯಾರೂ ಇಲ್ಲ ಮೇಡಂ. ಕೆಲಸ ಕಲಿತ ಹೊಸದರಲ್ಲಿ ಒಂದೇ ಒಂದ್ಸಲ, ಕೈಲಾಗುತ್ತೆ ಅಂದಿದ್ದೆ,” ಎಂದು ಸೋರಣ್ಣ ಕಣ್ಣೊರೆಸಿಕೊಂಡು ಬೆಂಚಿನ ಕಡೆ ತೋರಿಸಿದ. “ಇವರ ಮನೆ ಛಾವಣಿ. ಬಿತ್ತು.”

“ಹೌದು,” ಎಂದ ಷಡ್ಡಕ, ಒಳ್ಳೆಯ ಸಾಕ್ಷಿದಾರನಂತೆ ಎದ್ದು ನಿಂತು. “ಪೂರ್ತಿ ಬಿತ್ತು.”

ತೀರ್ಪು ಐದು ನಿಮಿಷದಲ್ಲಿ ಆಯಿತು. ಚಿಕಿತ್ಸೆ ಕೊಟ್ಟಿಲ್ಲ, ಕೊಡುವವರ ಹತ್ತಿರ ಕಳಿಸಿದ್ದಾನೆ. ಬೋರ್ಡು ಇವತ್ತೇ ಇಳಿಯಬೇಕು. ಇನ್ನು ಮುಂದೆ ಬೋರ್ಡಿನ ಮೇಲೆ ‘ಸೋರಿಕೆ’ ಎಂಬುದಲ್ಲದೆ ಬೇರೆ ಪದವಿರಬಾರದು. ಅಚ್ಚಗನ್ನಡ ಪದ, ದೋಷವಿಲ್ಲ ಎಂದು ಪಂಡಿತರು ಒಪ್ಪಿಗೆ ಕೊಟ್ಟರು. ಸೋರಣ್ಣನ ಹೆಂಡತಿ ತನ್ನ ಗಂಡನನ್ನೇ ನೋಡುತ್ತ ಕೂತಿದ್ದಳು, ಅಕ್ಕನ ಗಂಡನ ಕಡೆ ತಿರುಗಲೂ ಇಲ್ಲ.

ಎಲ್ಲರೂ ಏಳುವ ಹೊತ್ತಿಗೆ ಸೋರಣ್ಣ ತಲೆಯೆತ್ತಿ ತೊಲೆಯ ಮೇಲಿನ ಕಲೆ ನೋಡಿದ. ಅವನಿಗೆ ತಡೆಯಲಾಗಲಿಲ್ಲ.

“ಮೇಡಂ, ಅಪ್ಪಣೆ ಆದ್ರೆ ಅದನ್ನೊಂದ್ಸಲ ನೋಡ್ಲಾ?”

ಅಧ್ಯಕ್ಷೆ ಕುರ್ಚಿಯಿಂದ ಎದ್ದು ಜಾಗ ಬಿಟ್ಟರು. ಅವನು ಚಪ್ಪಲಿ ಬಿಟ್ಟು ಕುರ್ಚಿ ಹತ್ತಿ, ಗೆಣ್ಣಿನಿಂದ ತೊಲೆ ತಟ್ಟಿ, ಕಿವಿ ಆನಿಸಿದ. ಮತ್ತೊಮ್ಮೆ ತಟ್ಟಿದ, ಮತ್ತೊಮ್ಮೆ ಕೇಳಿದ.

“ಒಳಗೆ ಟೊಳ್ಳಾಗಿದೆ,” ಎಂದ ಕೆಳಗಿಳಿದು. “ಇದು ನನ್ನ ಕೈಲಾಗಲ್ಲ ಮೇಡಂ. ಲೈಸೆನ್ಸ್ ಇರೋ ಇಂಜಿನಿಯರನ್ನ ಕರೆಸಿ. ನಂಬರ್ ಕೇಳಿ. ಅಲ್ಲಿವರೆಗೆ ಇದರಡಿ ಒಬ್ಬರೇ ಕೂರಬೇಡಿ.”

ಯಾರೂ ಹೇಳದೆಯೇ ಕಂಡಕ್ಟರ್ ಕಂಬ ಎತ್ತಿಕೊಂಡು ಬಂದ. ಇಬ್ಬರೂ ಸೇರಿ ಅದನ್ನು ತೊಲೆಯ ಕೆಳಗೆ, ಆ ದಪ್ಪ ಪುಸ್ತಕದ ಪಕ್ಕದಲ್ಲೇ ನೆಟ್ಟಗೆ ನಿಲ್ಲಿಸಿದರು. ಅಧ್ಯಕ್ಷೆ ಒಂದು ಬೆರಳಿನಿಂದ ಅದನ್ನು ಮೆಲ್ಲನೆ ಮುಟ್ಟಿ ನೋಡಿದರು.

“ತಡೆಯುತ್ತಾ?” ಎಂದು ಕೇಳಿದರು.

ಸೋರಣ್ಣ ಉತ್ತರ ಹೇಳಲು ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಹೇಳಿದ.

“ತಡೆಯುತ್ತೆ ಮೇಡಂ. ನಾನು ನೋಡಿದೀನಿ.”